ಮ್ಯಾಕ್‌ನಲ್ಲಿ ಕುಳಿತು ಲಿನಕ್ಸ್ ಕರ್ನಲ್ ಕಟ್ಟುವುದು

ನನ್ನ ಮ್ಯಾಕ್‌ಬುಕ್‌ನ ಒಳಗಿರುವುದು 64 ಬಿಟ್ ಆರ್ಮ್ ಪ್ರೊಸೆಸರ್. ರಾಸ್ಪ್‌ಬೆರಿ ಪೈ 4 ಬೋರ್ಡಿನ ಕಾರ್ಟೆಕ್ಸ್ ಎ72 ಕೋರ್‌ಗಳೂ ಅದೇ ಕುಲದವು. ಎರಡಕ್ಕೂ ಅರ್ಥವಾಗುವ ಮೆಷಿನ್ ಭಾಷೆ ಒಂದೇ. ಆದರೂ ಮ್ಯಾಕ್‌ನಲ್ಲಿ ಕಂಪೈಲ್ ಆದ ಪುಟ್ಟ ಪ್ರೋಗ್ರಾಮ್ ಕೂಡ ಪೈನಲ್ಲಿ ಓಡುವುದಿಲ್ಲ. ಮ್ಯಾಕ್ ತನ್ನ ಬೈನರಿಗಳನ್ನು ಮ್ಯಾಕ್-ಓ ಎಂಬ ರೂಪದಲ್ಲಿ ಇಡುತ್ತದೆ, ಲಿನಕ್ಸ್‌ಗೆ ಬೇಕಾದದ್ದು ಇಎಲ್‌ಎಫ್. ಸಿಸ್ಟಮ್ ಕಾಲ್‌ಗಳು ಬೇರೆ, ಲೈಬ್ರರಿಗಳು ಬೇರೆ. ಪ್ರೊಸೆಸರ್ ಒಂದೇ ಆದ ಮಾತ್ರಕ್ಕೆ ಕ್ರಾಸ್ ಕಂಪೈಲ್, ಅಂದರೆ ಒಂದು ಸಿಸ್ಟಮ್‌ನಲ್ಲಿ ಕುಳಿತು ಇನ್ನೊಂದಕ್ಕಾಗಿ ಕಟ್ಟುವುದು, ತಪ್ಪುವುದಿಲ್ಲ ಎನ್ನುವುದು ನಾನು ಈ ಕೆಲಸದಲ್ಲಿ ಮೊದಲು ಕಲಿತ ಪಾಠ.

ಪೈಗಾಗಿ ಲಿನಕ್ಸ್ ಕರ್ನಲ್ಲನ್ನು ನೇರವಾಗಿ ಮ್ಯಾಕ್‌ನಲ್ಲೇ, ನಡುವೆ ವರ್ಚುವಲ್ ಮೆಷಿನ್ ಇಲ್ಲದೆ ಕಟ್ಟಬೇಕು ಎಂದು ಹೊರಟವರೆಲ್ಲ ಮೊದಲು ಹೆದರುವುದು ಕಂಪೈಲರ್‌ಗೆ. ಇಡೀ ಕೆಲಸದಲ್ಲಿ ಅತ್ಯಂತ ಸುಲಭದ ಭಾಗ ಅದೇ. ಜಿಸಿಸಿಯಾದರೆ ಪ್ರತಿ ಟಾರ್ಗೆಟ್‌ಗೂ ಬೇರೆಬೇರೆ ಕಂಪೈಲರ್ ಕಟ್ಟಿಕೊಳ್ಳಬೇಕು. ಕ್ಲ್ಯಾಂಗ್ ಹಾಗಲ್ಲ, ಒಂದೇ ಬೈನರಿ ಹಲವು ಪ್ರೊಸೆಸರ್‌ಗಳಿಗೆ ಕೋಡ್ ಬರೆಯಬಲ್ಲದು. ಯಾವುದಕ್ಕೆಂದು ಹೇಳಿದರೆ ಸಾಕು. ಕರ್ನಲ್‌ನ ಬಿಲ್ಡ್ ವ್ಯವಸ್ಥೆಯೂ ಎಲ್‌ಎಲ್‌ವಿಎಂ ಟೂಲ್‌ಚೈನನ್ನು ಒಪ್ಪಿಕೊಳ್ಳುತ್ತದೆ. ಎಕ್ಸ್‌ಕೋಡ್ ಜೊತೆ ಬರುವ ಕ್ಲ್ಯಾಂಗ್ ಇಲ್ಲಿ ಸಾಲದು, ಅದರೊಂದಿಗೆ ಇಎಲ್‌ಎಫ್ ಜೋಡಿಸುವ ಲಿಂಕರ್ ಬರುವುದಿಲ್ಲ. ಹೋಮ್‌ಬ್ರೂನಿಂದ ಎಲ್‌ಎಲ್‌ವಿಎಂ ಮತ್ತು ಎಲ್‌ಎಲ್‌ಡಿ ಹಾಕಿಕೊಂಡರೆ ಆ ಅಧ್ಯಾಯ ಮುಗಿಯಿತು.

ತೊಡಕು ಶುರುವಾಗುವುದು ನಾವು ಕುಳಿತಿರುವ ಯಂತ್ರದಲ್ಲಿ, ಅಂದರೆ ಹೋಸ್ಟ್‌ನಲ್ಲಿ. ಕರ್ನಲ್ ತನ್ನನ್ನು ತಾನು ಕಟ್ಟಿಕೊಳ್ಳುವ ಮೊದಲು ಹಲವು ಸಣ್ಣ ಪ್ರೋಗ್ರಾಮ್‌ಗಳನ್ನು ಕಟ್ಟಿಕೊಳ್ಳುತ್ತದೆ. ಕಾನ್ಫಿಗರೇಷನ್ ಓದಲು ಒಂದು, ಯಾವ ಫೈಲ್ ಯಾವುದನ್ನು ಅವಲಂಬಿಸಿದೆ ಎಂದು ಲೆಕ್ಕವಿಡಲು ಫಿಕ್ಸ್‌ಡೆಪ್, ಮಾಡ್ಯೂಲ್‌ಗಳ ಸಿಂಬಲ್‌ಗಳನ್ನು ತಾಳೆ ನೋಡಲು ಮಾಡ್‌ಪೋಸ್ಟ್. ಇವು ಓಡುವುದು ಪೈನಲ್ಲಲ್ಲ, ಮ್ಯಾಕ್‌ನಲ್ಲೇ. ಆದರೆ ಇವನ್ನು ಬರೆದವರ ಯಂತ್ರದಲ್ಲಿ ಇದ್ದದ್ದು ಲಿನಕ್ಸ್. ಮಾಡ್‌ಪೋಸ್ಟ್ ಇಎಲ್‌ಎಫ್ ಹೆಡರ್ ಫೈಲನ್ನು ಕೇಳುತ್ತದೆ; ಮ್ಯಾಕ್‌ನಲ್ಲಿ ಆ ರೂಪದ ಬಳಕೆಯೇ ಇಲ್ಲದ್ದರಿಂದ ಹೆಡರೂ ಇಲ್ಲ. ಬೈಟ್‌ಗಳ ಕ್ರಮ ತಿರುಗಿಸುವ ಹೆಡರ್ ಕೂಡ ಇಲ್ಲ. ಇನ್ನೊಂದು ಫೈಲಿನಲ್ಲಿ ಕರ್ನಲ್ ಯುಯುಐಡಿಗೆ ತನ್ನದೇ ಟೈಪ್ ಒಂದನ್ನು ಘೋಷಿಸುತ್ತದೆ, ಮ್ಯಾಕ್‌ನ ಹೆಡರ್‌ಗಳಲ್ಲಿ ಅದೇ ಹೆಸರಿನ ಟೈಪ್ ಆಗಲೇ ಇದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಇಲ್ಲದ ಹೆಡರ್‌ಗಳನ್ನು ಬೇರೆಡೆಯಿಂದ ತಂದು ಒಂದು ಪ್ರತ್ಯೇಕ ಫೋಲ್ಡರಿನಲ್ಲಿಟ್ಟು, ಹೋಸ್ಟ್ ಕಂಪೈಲರ್‌ಗೆ ಮಾತ್ರ ಅದರ ದಾರಿ ತೋರಿಸಬೇಕು. ಪೈಗೆ ಹೋಗುವ ಟಾರ್ಗೆಟ್ ಕೋಡಿಗೆ ಅದರ ಗಾಳಿಯೂ ಸೋಕಬಾರದು. ಇದು ಇಲ್ಲಿ ಓಡುವುದೋ, ಅಲ್ಲಿಗೆ ಹೋಗುವುದೋ? ಪ್ರತಿ ಎರರ್ ಮುಂದೆಯೂ ಮೊದಲು ಈ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸವಾದ ಮೇಲೆ ಅರ್ಧ ಗೊಂದಲ ತಾನಾಗಿ ಇಳಿಯಿತು.

ಎರರ್ ಬಂದರೆ ಒಳ್ಳೆಯದೇ. ಏನೂ ಹೇಳದೆ ದಾರಿ ತಪ್ಪಿಸುವುದು ಫೈಲ್ ಸಿಸ್ಟಮ್. ಮ್ಯಾಕ್‌ನ ಎಪಿಎಫ್‌ಎಸ್ ಸಾಮಾನ್ಯ ಸ್ಥಾಪನೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಎಣಿಸುವುದಿಲ್ಲ. ಲಿನಕ್ಸ್ ಎಣಿಸುತ್ತದೆ. (ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿಗೆ ಈ ತಂಟೆಯೇ ಇಲ್ಲ, ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ.) ಕರ್ನಲ್‌ನ ನೆಟ್‌ಫಿಲ್ಟರ್ ವಿಭಾಗದಲ್ಲಿ ಒಂದು ಹಳೆಯ ರೂಢಿಯಿದೆ: ಪ್ಯಾಕೆಟ್ಟನ್ನು ಪರೀಕ್ಷಿಸುವ ಕೋಡಿನ ಫೈಲಿಗೆ ಸಣ್ಣಕ್ಷರದ ಹೆಸರು, ಪ್ಯಾಕೆಟ್ಟನ್ನು ಬದಲಿಸುವ ಕೋಡಿಗೆ ಅದೇ ಹೆಸರು ದೊಡ್ಡಕ್ಷರದಲ್ಲಿ. ಡಿಎಸ್‌ಸಿಪಿ, ಟಿಸಿಪಿ ಎಂಎಸ್‌ಎಸ್ ಹೀಗೆ ಹಲವು ಜೋಡಿಗಳು. ಮ್ಯಾಕ್‌ನ ಸಾಮಾನ್ಯ ಡಿಸ್ಕಿಗೆ ಕರ್ನಲ್‌ನ ಮೂಲ ಕೋಡನ್ನು ಇಳಿಸಿಕೊಂಡರೆ ಪ್ರತಿ ಜೋಡಿಯಲ್ಲೂ ಉಳಿಯುವುದು ಒಂದೇ ಫೈಲ್. ಗಿಟ್ ಒಂದು ಎಚ್ಚರಿಕೆ ಕೊಡುತ್ತದೆ, ಉದ್ದನೆಯ ಔಟ್‌ಪುಟ್ಟಿನ ಕೊನೆಯಲ್ಲಿ ಅದು ಸುಲಭವಾಗಿ ಕಣ್ತಪ್ಪುತ್ತದೆ. ನಾವು ಒಂದಕ್ಷರ ಮುಟ್ಟದಿದ್ದರೂ ಕೆಲವು ಫೈಲುಗಳು ಬದಲಾಗಿವೆ ಎಂದು ಗಿಟ್ ತೋರಿಸತೊಡಗುತ್ತದೆ. ಆ ಮಾಡ್ಯೂಲ್‌ಗಳು ನಿಮ್ಮ ಕಾನ್ಫಿಗರೇಷನ್‌ನಲ್ಲಿ ಇಲ್ಲದಿದ್ದರೆ ಬಿಲ್ಡ್ ಯಾವ ತಕರಾರೂ ಇಲ್ಲದೆ ಮುಗಿಯಬಹುದು; ಮುಂದೊಂದು ದಿನ ಅವನ್ನು ಆನ್ ಮಾಡಿದಾಗ ಸಂಬಂಧವೇ ಕಾಣದ ಎರರ್ ಬರುತ್ತದೆ. ಪರಿಹಾರ ಸರಳ. ಡಿಸ್ಕ್ ಯುಟಿಲಿಟಿಯಲ್ಲಿ ಕೇಸ್-ಸೆನ್ಸಿಟಿವ್ ಎಪಿಎಫ್‌ಎಸ್ ವಾಲ್ಯೂಮ್ ಒಂದನ್ನು ಸೇರಿಸಿ, ಮೂಲವನ್ನು ಅಲ್ಲಿಗೇ ಇಳಿಸಿಕೊಳ್ಳಬೇಕು. ಮೊದಲು ಮಾಡಬೇಕಾದ ಕೆಲಸ ಇದು, ಮಿಕ್ಕಿದ್ದೆಲ್ಲ ಆಮೇಲೆ.

ಡಾಕರ್ ಬಳಸಿದರೆ ಈ ಗೋಜು ಇಲ್ಲವಲ್ಲ ಎನ್ನುವವರಿದ್ದಾರೆ. ಮ್ಯಾಕ್‌ನಲ್ಲಿ ಡಾಕರ್ ಓಡುವುದೇ ಒಂದು ಲಿನಕ್ಸ್ ವರ್ಚುವಲ್ ಮೆಷಿನ್ನಿನೊಳಗೆ. ಮ್ಯಾಕ್‌ನ ಸಾಮಾನ್ಯ ಫೋಲ್ಡರನ್ನು ಅದರೊಳಕ್ಕೆ ಹಂಚಿಕೊಂಡರೆ ಅಕ್ಷರಭೇದ ಎಣಿಸದ ಗುಣವೂ ಜೊತೆಗೇ ಒಳಹೋಗುತ್ತದೆ. ಮೂಲವನ್ನು ಡಾಕರ್‌ನ ಸ್ವಂತ ವಾಲ್ಯೂಮ್‌ನಲ್ಲಿ ಇಟ್ಟರೆ ಮಾತ್ರ ಬಿಡುಗಡೆ.

ಟೂಲ್‌ಗಳ ವಿಷಯಕ್ಕೆ ಬಂದರೆ, ಮ್ಯಾಕ್ ಜೊತೆ ಬರುವ ಗ್ನೂ ಮೇಕ್ 3.81, 2006ರದ್ದು. ಬ್ಯಾಷ್ 3.2 ಕೂಡ ಅದೇ ಕಾಲದ್ದು. ಎರಡೂ ಆಯಾ ಟೂಲ್‌ನಲ್ಲಿ ಜಿಪಿಎಲ್ 2ನೇ ಆವೃತ್ತಿಯ ಲೈಸೆನ್ಸ್ ಹೊತ್ತ ಕೊನೆಯ ಬಿಡುಗಡೆಗಳ ಸಾಲಿನವು. ಇಂದಿನ ಕರ್ನಲ್‌ಗೆ ಆ ಮೇಕ್ ಸಾಲದು, ಹೊಸದನ್ನು ಹಾಕಿಕೊಳ್ಳಬೇಕು. ಸೆಡ್ ಇನ್ನೂ ಸೂಕ್ಷ್ಮ: ಮ್ಯಾಕ್‌ನದು ಬಿಎಸ್‌ಡಿ ವಂಶದ್ದು. ಫೈಲನ್ನು ಇದ್ದಲ್ಲೇ ತಿದ್ದಲು ಲಿನಕ್ಸ್‌ನವರು ಬರೆಯುವ ಮೈನಸ್ ಐ, ಮೈನಸ್ ಇ ಎಂಬ ಆಯ್ಕೆಗಳ ಜೋಡಿಯನ್ನು ಅದು ಬೇರೆ ರೀತಿ ಓದುತ್ತದೆ. ಎರಡನೆಯದನ್ನು ಬ್ಯಾಕಪ್ ಹೆಸರಿನ ಬಾಲ ಎಂದುಕೊಂಡು, ತಿದ್ದುವುದರ ಜೊತೆಗೆ ಹೆಸರಿನ ಕೊನೆಗೆ ಮೈನಸ್ ಇ ಅಂಟಿದ ಹಳೆಯ ಪ್ರತಿಯೊಂದನ್ನು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಗ್ನೂ ಟೂಲ್‌ಗಳನ್ನು ಹಾಕಿಕೊಳ್ಳಿ, ಆದರೆ ಬಿಲ್ಡ್ ಮಾಡುವ ಶೆಲ್‌ನಲ್ಲಿ ಮಾತ್ರ ಅವು ಮುಂದೆ ಬರುವಂತೆ ನೋಡಿಕೊಳ್ಳಿ. ಇಡೀ ಸಿಸ್ಟಮ್‌ಗೆ ಅವನ್ನೇ ಮುಂದೆ ತಂದರೆ ಮ್ಯಾಕ್‌ಗಾಗಿ ಬರೆದ ಸ್ಕ್ರಿಪ್ಟ್‌ಗಳು ಕೆಡುತ್ತವೆ.

ಕರ್ನಲ್ ಕಟ್ಟಿ ಮುಗಿದ ಮೇಲೂ ಗಡಿ ದಾಟಿಸುವ ಕೆಲಸ ಉಳಿದಿರುತ್ತದೆ. ಪೈನ ಎಸ್‌ಡಿ ಕಾರ್ಡಿನ ಬೂಟ್ ವಿಭಾಗ ಫ್ಯಾಟ್ ಆದ್ದರಿಂದ ಕರ್ನಲ್ ಇಮೇಜನ್ನು ಮ್ಯಾಕ್‌ನಿಂದಲೇ ನಕಲಿಸಬಹುದು. ಮಾಡ್ಯೂಲ್‌ಗಳು ಹೋಗಬೇಕಾದದ್ದು ಎಕ್ಸ್‌ಟಿ4 ವಿಭಾಗಕ್ಕೆ. ಮ್ಯಾಕ್‌ಗೆ ಅದನ್ನು ಓದುವ ಬೆಂಬಲ ಸ್ವತಃ ಇಲ್ಲ. ಅವನ್ನು ಟಾರ್ ಕಟ್ಟಿ, ನೆಟ್‌ವರ್ಕ್ ಮೂಲಕ ಪೈಗೆ ಕಳಿಸಿ, ಮಾಡ್ಯೂಲ್‌ಗಳ ಅವಲಂಬನೆಯ ಪಟ್ಟಿ ಮಾಡುವ ಡೆಪ್‌ಮಾಡ್ ಅನ್ನು ಪೈನಲ್ಲೇ ಓಡಿಸುವುದು ನಾನು ಕಂಡುಕೊಂಡ ದಾರಿ. ಮ್ಯಾಕ್‌ನ ಟಾರ್ ಫೈಲುಗಳ ಹೆಚ್ಚುವರಿ ಗುಣಲಕ್ಷಣಗಳನ್ನು ಚುಕ್ಕಿ-ಅಡಿಗೆರೆಯಿಂದ ಶುರುವಾಗುವ ಮರಿ ಫೈಲುಗಳಾಗಿ ಸೇರಿಸುವುದುಂಟು. ಕಾಪಿಫೈಲ್ ಡಿಸೇಬಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಅದನ್ನು ತಡೆಯಬಹುದು.

ಈ ಅನುಭವದ ಬೆನ್ನಿಗೆ ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿ ನೋಡಿದಾಗ ನನಗೆ ಆ ಯೋಜನೆಯ ಮೇಲೆ ಹುಟ್ಟಿದ ಗೌರವ ದೊಡ್ಡದು. 2002ರ 1.6 ಆವೃತ್ತಿಯಿಂದಲೇ ಅದರಲ್ಲಿ ಬಿಲ್ಡ್ ಡಾಟ್ ಎಸ್‌ಎಚ್ ಎಂಬ ಒಂದೇ ಸ್ಕ್ರಿಪ್ಟ್ ಇದೆ. ಅದು ಹೋಸ್ಟ್‌ನ ಮೇಕನ್ನು ನಂಬುವುದಿಲ್ಲ, ಮೊದಲು ತನ್ನದೇ ಮೇಕನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಕಂಪೈಲರ್, ಲಿಂಕರ್, ಬೇಕಾದ ಮಿಕ್ಕ ಟೂಲ್‌ಗಳು. ಅವುಗಳಿಂದ ಕರ್ನಲ್ ಮತ್ತು ಇಡೀ ಸಿಸ್ಟಮ್. ರೂಟ್ ಅನುಮತಿಯೂ ಬೇಡ. ಫ್ರೀಬಿಎಸ್‌ಡಿ ಕೂಡ ಮುಂದೆ ಮ್ಯಾಕ್ ಮತ್ತು ಲಿನಕ್ಸ್ ಹೋಸ್ಟ್‌ಗಳಿಂದ ಕಟ್ಟಲು ದಾರಿ ಮಾಡಿಕೊಂಡಿತು. ಲಿನಕ್ಸ್ ಬರೀ ಕರ್ನಲ್, ಟೂಲ್‌ಗಳಿಗಾಗಿ ಅದು ಡಿಸ್ಟ್ರಿಬ್ಯೂಷನ್‌ಗಳನ್ನು ನೆಚ್ಚಿಕೊಂಡದ್ದು ಸಹಜ ಎಂಬ ವಾದವನ್ನು ಒಪ್ಪುತ್ತೇನೆ. ಆದರೂ ತನ್ನ ಮನೆಯೊಳಗೆ ಮಾತ್ರ ಹುಟ್ಟಬಲ್ಲ ಸಿಸ್ಟಮ್‌ಗೆ ತಾನು ಯಾವುದರ ಮೇಲೆಲ್ಲ ನಿಂತಿದ್ದೇನೆಂದು ಗೊತ್ತಿರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಡುವಿನ ಕೆಲಸವಿದ್ದರೆ ಲಿನಕ್ಸ್ ವರ್ಚುವಲ್ ಮೆಷಿನ್ನಿನಲ್ಲೇ ಕಟ್ಟಿ, ಅದೇ ಸರಿ. ಕಲಿಯುವ ಆಸೆಯಿದ್ದರೆ ಒಮ್ಮೆ ನೇರವಾಗಿ ಮ್ಯಾಕ್‌ನಲ್ಲಿ ಕಟ್ಟಿ, ಎರಡೂ ಕಡೆ ತಯಾರಾದ ಕಾನ್ಫಿಗರೇಷನ್ ಫೈಲುಗಳನ್ನು ಹೋಲಿಸಿ ನೋಡಿ. ಟೂಲ್‌ಚೈನ್ ಬೇರೆಯಾದಾಗ ಯಾವ ಆಯ್ಕೆಗಳು ತಾವಾಗಿಯೇ ಬದಲಾಗುತ್ತವೆ ಎಂಬುದು ಅಲ್ಲಿ ಕಾಣುತ್ತದೆ. ಇನ್ನು ನೀವೇ ಬಿಲ್ಡ್ ಸ್ಕ್ರಿಪ್ಟ್ ಬರೆಯುವವರಾಗಿದ್ದರೆ ನನ್ನದೊಂದು ಕೋರಿಕೆ: ಬೇಕಾದ ಟೂಲ್‌ಗಳನ್ನು ಆವೃತ್ತಿ ಸಮೇತ ಪಟ್ಟಿ ಮಾಡಿ, ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಅವನ್ನು ಪರೀಕ್ಷಿಸಿ, ಅಕ್ಷರದ ಗಾತ್ರದಲ್ಲಷ್ಟೇ ಬೇರೆಯಾಗುವ ಹೆಸರುಗಳನ್ನು ಇಡಬೇಡಿ, ಬಿಡುಗಡೆಗೆ ಮೊದಲು ಬೇರೆ ಆಪರೇಟಿಂಗ್ ಸಿಸ್ಟಮ್ ಇರುವ ಯಂತ್ರದಲ್ಲಿ ಒಮ್ಮೆ ಕಟ್ಟಿಸಿ ನೋಡಿ.