ಜೇಡ್ ಗಿಡದ ಎಲೆ ಹಳದಿಯಾಗುವುದು ಏಕೆ?



ನಮ್ಮ ಶಾಲೆಯ ಆಫೀಸ್ ರೂಮಿನ ಮುಂದೆ ಜಗಲಿಯಲ್ಲಿ ಒಂದು ಕುಂಡ ಇದೆ. ಅದರಲ್ಲಿರುವುದು ಜೇಡ್ ಗಿಡ. ಹೋದ ವರ್ಷ ವರ್ಗವಾಗಿ ಹೋದ ಕನ್ನಡ ಮಿಸ್ಸು ಹೋಗುವ ದಿನ ಅದನ್ನು ನಮಗೆ ಕೊಟ್ಟು, "ಇದನ್ನ ಚೆನ್ನಾಗಿ ನೋಡ್ಕೊಳ್ರಪ್ಪಾ" ಅಂದಿದ್ದರು. ಈ ಮಳೆಗಾಲದಲ್ಲಿ ಅದರ ಎಲೆಗಳು ಹಳದಿಯಾಗಿ ಉದುರತೊಡಗಿದವು. ಗಿಡ ಬಾಡಿದ ಹಾಗೆ ಕಾಣುತ್ತಿತ್ತು. ನೀರಿಲ್ಲದೆ ಹೀಗಾಗಿದೆ ಎಂದು ಎಲ್ಲರೂ ತಿಳಿದೆವು. ಆ ವಾರ ನೀರು ಹಾಕುವ ಸರದಿ ಐದನೇ ತರಗತಿಯ ಒಬ್ಬ ಹುಡುಗನದು. "ನಾನು ದಿನಾ ಹಾಕಿದ್ದೀನಿ" ಎಂದು ಅವನು ಹೇಳಿದರೂ ಯಾರೂ ನಂಬಲಿಲ್ಲ. ಎಲ್ಲರ ಮುಂದೆ ಬೈಸಿಕೊಂಡು ಅತ್ತುಬಿಟ್ಟ. ಬೈದವರಲ್ಲಿ ನಾನೂ ಒಬ್ಬಳು. ಬೈದ ಮೇಲೆ ನಾನೇ ಒಂದು ಚೆಂಬು ನೀರು ತಂದು ಗಿಡಕ್ಕೆ ಸುರಿದೆ.

ನಾವು ಮಾಡಿದ್ದು ಎರಡೂ ತಪ್ಪು. ಎಲೆ ಹಳದಿಯಾಗಲು ಕಾರಣಗಳು ಹಲವು. ಕಾರಣ ಗೊತ್ತಿಲ್ಲದೆ ಔಷಧ ಮಾಡಬಾರದು, ಯಾರನ್ನೂ ಬೈಯಲೂ ಬಾರದು. ಕಾರಣ ಕಂಡುಹಿಡಿಯುವುದು ಹೇಗೆ ಎಂಬುದೇ ಈ ಪಾಠ.

ಗಿಡದ ಪರಿಚಯ

ಜೇಡ್ ಎಂದರೆ ಹಸಿರು ಬಣ್ಣದ ಒಂದು ಬೆಲೆಬಾಳುವ ಕಲ್ಲು. ಎಲೆ ಆ ಕಲ್ಲಿನ ಹಾಗೆ ಹೊಳೆಯುವುದರಿಂದ ಗಿಡಕ್ಕೆ ಆ ಹೆಸರು. ವೈಜ್ಞಾನಿಕ ಹೆಸರು ಕ್ರಾಸುಲಾ ಓವೇಟಾ. ಇದರ ತವರು ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್ ದೇಶಗಳು. ಅಲ್ಲಿ ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ಬೆಳೆಯುತ್ತದೆ. ಇಳಿಜಾರಿನಲ್ಲಿ ಮಳೆ ನೀರು ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಆದ್ದರಿಂದ ಈ ಗಿಡ ಸಿಕ್ಕಾಗ ನೀರನ್ನು ಎಲೆ ಮತ್ತು ಕಾಂಡದಲ್ಲಿ ತುಂಬಿಟ್ಟುಕೊಳ್ಳುತ್ತದೆ. ಎಲೆ ಅಷ್ಟು ದಪ್ಪ ಇರುವುದು ಅದಕ್ಕೇ. ನಮ್ಮ ಬೇಲಿ ಪಕ್ಕ ಬೆಳೆಯುವ ಕಾಡುಬಸಳೆಯೂ ಇದರ ಕುಟುಂಬಕ್ಕೇ ಸೇರಿದ್ದು.

ಈ ಕುಟುಂಬದ ಗಿಡಗಳಿಗೆ ಇನ್ನೊಂದು ವಿಶೇಷ ಇದೆ. ಹೆಚ್ಚಿನ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ಹಾಗೆ ತೆರೆದಾಗ ಎಲೆಯ ನೀರು ಆವಿಯಾಗಿ ಹೋಗುತ್ತದೆ. ಜೇಡ್ ಗಿಡ ಮಾತ್ರ ತಂಪಾದ ರಾತ್ರಿಯಲ್ಲಿ ಪತ್ರರಂಧ್ರ ತೆರೆಯುತ್ತದೆ. ಆಗ ತೆಗೆದುಕೊಂಡ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಲ್ಲಿ ಬಿಸಿಲು ಬಂದಾಗ ಅದರಿಂದ ಆಹಾರ ತಯಾರಿಸುತ್ತದೆ.

ಇದರ ಗುಟ್ಟಿಗೆ ನಮ್ಮ ನಾಡಿನ ನಂಟೂ ಇದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ಕೆಲವು ಕಾಲ ನೋಡಿಕೊಂಡವರು ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ. ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಹುಳಿ ಹೋಗಿರುತ್ತದೆ ಎಂದು ಅವರು ಬರೆದದ್ದು 1815ರಲ್ಲಿ ಅಚ್ಚಾಯಿತು. ರಾತ್ರಿ ಕೂಡಿಟ್ಟ ಆಮ್ಲ ಹಗಲಲ್ಲಿ ಖರ್ಚಾಗುವುದೇ ಅದಕ್ಕೆ ಕಾರಣ. (ಯಾರೂ ಕಾಡುಬಸಳೆ ತಿಂದು ನೋಡಬೇಡಿ. ಅದರಲ್ಲಿ ವಿಷದ ಅಂಶ ಇದೆ. ದನಗಳು ಹೆಚ್ಚಾಗಿ ತಿಂದರೆ ಕಾಯಿಲೆ ಬೀಳುತ್ತವೆ.)

ಹೀಗೆ ಎರಡು ರೀತಿಯಲ್ಲಿ ನೀರು ಉಳಿಸುವ ಗಿಡಕ್ಕೆ ದಿನಾ ನೀರು ಬೇಕೇ? ನೀವೇ ಯೋಚಿಸಿ.

ಹಳದಿ ಬಣ್ಣ ಎಲ್ಲಿಂದ ಬರುತ್ತದೆ?

ಎಲೆಯಲ್ಲಿ ಪತ್ರಹರಿತ್ತು ಎಂಬ ಹಸಿರು ವಸ್ತು ಇರುತ್ತದೆ. ಅದರ ಜೊತೆಗೆ ಹಳದಿ ವಸ್ತುವೂ ಮೊದಲಿನಿಂದಲೇ ಇರುತ್ತದೆ. ಹಸಿರು ಹೆಚ್ಚಿರುವುದರಿಂದ ಹಳದಿ ಕಾಣುವುದಿಲ್ಲ. ಗಿಡಕ್ಕೆ ತೊಂದರೆಯಾದಾಗ ಪತ್ರಹರಿತ್ತು ಒಡೆದು ಕಡಿಮೆಯಾಗುತ್ತದೆ, ಹಳದಿ ಹೊರಗೆ ಕಾಣುತ್ತದೆ. ಜ್ವರ ಬಂದರೆ ಮೈ ಬಿಸಿಯಾಗುವ ಹಾಗೆ ಇದು ಒಂದು ಲಕ್ಷಣ ಮಾತ್ರ. ಯಾವ ರೋಗ ಎಂದು ಬೇರೆ ಪರೀಕ್ಷೆಯಿಂದ ತಿಳಿಯಬೇಕು.

ಪರೀಕ್ಷೆ ಮಾಡುವ ವಿಧಾನ

ಇದಕ್ಕೆ ಕಣ್ಣು, ಕೈ, ಕಡ್ಡಿ, ಮೂಗು ಈ ನಾಲ್ಕು ಸಾಕು.

1. ಕಣ್ಣು: ಯಾವ ಎಲೆ ಹಳದಿಯಾಗಿದೆ ನೋಡಿ. ಬುಡದ ಹಳೆ ಎಲೆಯೋ, ತುದಿಯ ಎಳೆ ಎಲೆಯೋ, ಬಿಸಿಲು ಬೀಳುವ ಕಡೆಯದು ಮಾತ್ರವೋ?

2. ಕೈ: ಎಲೆಯನ್ನು ಮೆಲ್ಲಗೆ ಒತ್ತಿ. ಮೆತ್ತಗೆ ನೀರು ತುಂಬಿದ ಹಾಗಿದೆಯೋ, ತೆಳ್ಳಗೆ ಸುಕ್ಕಾಗಿದೆಯೋ? ಕಾಂಡದ ಬುಡವನ್ನೂ ಒತ್ತಿ ನೋಡಿ. ಅದು ಗಟ್ಟಿ ಇರಬೇಕು.

3. ಕಡ್ಡಿ: ಒಂದು ಒಣ ಕಡ್ಡಿಯನ್ನು ಕುಂಡದ ಅಂಚಿನಲ್ಲಿ ನಿಧಾನವಾಗಿ ತಳದವರೆಗೆ ಚುಚ್ಚಿ, 5 ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಒದ್ದೆಯಾಗಿದ್ದರೆ, ಮಣ್ಣು ಮೆತ್ತಿದ್ದರೆ ಒಳಗೆ ನೀರಿದೆ ಎಂದು ಅರ್ಥ. ಮೇಲಿನ ಮಣ್ಣು ಒಣಗಿದ್ದರೂ ಒಳಗೆ ಕೆಸರು ಇರಬಹುದು.

4. ಮೂಗು: ಮಣ್ಣು ಮೂಸಿ ನೋಡಿ. ಬರೀ ಮಣ್ಣಿನ ವಾಸನೆ ಬಂದರೆ ಪರವಾಗಿಲ್ಲ. ಚರಂಡಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ.

ಲಕ್ಷಣ, ಕಾರಣ ಮತ್ತು ಪರಿಹಾರ

ಅ) ಎಲೆ ಹಳದಿ, ಮೆತ್ತಗೆ, ಮುಟ್ಟಿದರೆ ಉದುರುತ್ತದೆ, ಕಡ್ಡಿ ಒದ್ದೆ: ನೀರು ಹೆಚ್ಚಾಗಿದೆ. ನೀರು ನಿಲ್ಲಿಸಿ. ವಾಸನೆ ಇದ್ದರೆ ಗಿಡ ಕಿತ್ತು ಬೇರು ನೋಡಬೇಕು.

ಆ) ಎಲೆ ತೆಳ್ಳಗೆ ಸುಕ್ಕಾಗಿದೆ, ಕಡ್ಡಿ ಪೂರಾ ಒಣ: ನೀರು ಸಾಲದು. ಕುಂಡದ ತೂತಿನಿಂದ ಹೊರಗೆ ಬರುವವರೆಗೆ ಒಮ್ಮೆ ನೀರು ಹಾಕಿ. ಕೆಲವು ದಿನದಲ್ಲಿ ಎಲೆ ಮತ್ತೆ ತುಂಬಿಕೊಳ್ಳುತ್ತದೆ.

ಇ) ಎಲೆ ಬಿಳಿಚಿದೆ, ಕೊಂಬೆ ಉದ್ದಕ್ಕೆ ಸಣಕಲಾಗಿ ಬೆಳಕಿನ ಕಡೆ ವಾಲಿದೆ: ಬೆಳಕು ಸಾಲದು. ಬೆಳಕಿನ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಿ.

ಈ) ಬಿಸಿಲು ಬೀಳುವ ಕಡೆ ಮಾತ್ರ ಹಳದಿ ಅಥವಾ ಕಂದು ಕಲೆ: ನೆರಳಲ್ಲಿದ್ದ ಗಿಡವನ್ನು ಒಮ್ಮೆಲೇ ಸುಡುಬಿಸಿಲಿಗೆ ಇಟ್ಟಿದ್ದೀರಿ. ಬೆಳಗಿನ ಎಳೆಬಿಸಿಲು ಸಾಕು. ಅಂಚು ಮಾತ್ರ ಕೆಂಪಾಗಿದ್ದರೆ ಹೆದರಬೇಡಿ, ಒಳ್ಳೆ ಬಿಸಿಲಿನಲ್ಲಿ ಹಾಗಾಗುತ್ತದೆ.

ಉ) ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಬೂದು, ಅಂಟು: ಹಿಟ್ಟು ತಿಗಣೆ ರಸ ಹೀರುತ್ತಿದೆ. ಸೋಪಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ವಾರಕ್ಕೊಮ್ಮೆ ಮತ್ತೆ ನೋಡಿ.

ಊ) ಬೇರು ಚೆನ್ನಾಗಿದೆ, ಆದರೆ ಹಳೆ ಎಲೆಗಳು ಒಂದೊಂದಾಗಿ ಬಿಳಿಚುತ್ತವೆ, ಬೆಳವಣಿಗೆ ನಿಂತಿದೆ, ಮಣ್ಣು ವರ್ಷಗಟ್ಟಲೆ ಹಳೆಯದು: ಸಾರಜನಕ ಕಡಿಮೆಯಾಗಿರಬಹುದು. ಒಂದು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಬೇರು ಕೊಳೆತ ಗಿಡಕ್ಕೆ ಮಾತ್ರ ಗೊಬ್ಬರ ಹಾಕಬೇಡಿ.

ಋ) ಬುಡದಲ್ಲಿ ಒಂದೆರಡು ಎಲೆ ಮಾತ್ರ ಹಳದಿ, ಗಿಡ ಚೆನ್ನಾಗಿದೆ: ಎಲೆಗೆ ವಯಸ್ಸಾಗಿದೆ. ಏನೂ ಮಾಡಬೇಕಾಗಿಲ್ಲ.

ನಮ್ಮ ಗಿಡಕ್ಕೆ ಏನಾಗಿತ್ತು?

ನನಗೆ ಅನುಮಾನ ಬಂದದ್ದು ನಮ್ಮ ಶುಂಠಿ ಹೊಲದಲ್ಲಿ. ಮಳೆ ನೀರು ನಿಂತ ಪಾತಿಯಲ್ಲಿ ಶುಂಠಿ ಎಲೆ ಹಳದಿಯಾಗಿತ್ತು. ಅಪ್ಪ ನೀರು ಹೊರಗೆ ಹೋಗಲು ಬಸಿಗಾಲುವೆ ತೆಗೆಯುತ್ತಿದ್ದರು. "ನೀರು ನಿಂತ್ರೆ ಗೆಡ್ಡೆ ಕೊಳೆಯುತ್ತೆ ಕಣವ್ವಾ, ಎಲೆ ಹಳದಿಯಾಗೋದು ಆಮೇಲೆ" ಅಂದರು. ಮಾರನೆಯ ದಿನ ಶಾಲೆಗೆ ಬಂದವಳೇ ಕುಂಡಕ್ಕೆ ಕಡ್ಡಿ ಚುಚ್ಚಿದೆ. ಪೂರಾ ಒದ್ದೆ! ಮೂಸಿದರೆ ಚರಂಡಿ ವಾಸನೆ. ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತ್ತು, ಕುಂಡದ ತೂತು ಮಣ್ಣಿನಿಂದ ಮುಚ್ಚಿತ್ತು.

ಅಷ್ಟು ನೀರು ಎಲ್ಲಿಂದ ಬಂತು? ಸರದಿಯವರು ದಿನಾ ಒಂದು ಚೆಂಬು ಹಾಕುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ನಾವೆಲ್ಲ ಬಾಟಲಿಯಲ್ಲಿ ಉಳಿದ ನೀರನ್ನು, ಚೆಲ್ಲುವುದು ಯಾಕೆ ಅಂತ, ಅದೇ ಕುಂಡಕ್ಕೆ ಸುರಿಯುತ್ತಿದ್ದೆವು!

ಬೇರಿಗೂ ಉಸಿರಾಟ ಇದೆ. ಮಣ್ಣಿನ ಸಂದಿಯಲ್ಲಿರುವ ಗಾಳಿಯಿಂದ ಅದು ಆಮ್ಲಜನಕ ತೆಗೆದುಕೊಳ್ಳುತ್ತದೆ. ಸಂದಿಯೆಲ್ಲ ನೀರು ತುಂಬಿದರೆ ಗಾಳಿ ಸಿಗದೆ ಬೇರು ಸಾಯುತ್ತದೆ, ಶಿಲೀಂಧ್ರ ಸೇರಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ನೀರಲ್ಲೇ ನಿಂತ ಗಿಡ ಬಾಯಾರಿದ ಗಿಡದ ಹಾಗೆಯೇ ಬಾಡುತ್ತದೆ. ನಾವು ಮೋಸ ಹೋಗುವುದು ಇಲ್ಲೇ. ಬಾಡಿದೆ ಎಂದು ಇನ್ನಷ್ಟು ನೀರು ಹಾಕುತ್ತೇವೆ.

ನಾವು ಮಾಡಿದ ಚಿಕಿತ್ಸೆ

ಬೇಕಾದ ವಸ್ತುಗಳು: ತೂತಿರುವ ಮಣ್ಣಿನ ಕುಂಡ, ಹೆಂಚಿನ ಚೂರು, ಕೆಂಪು ಮಣ್ಣು 1 ಪಾಲು, ಹೊಳೆ ಮರಳು 1 ಪಾಲು, ಹೊಸ ಬ್ಲೇಡು.

ಮೇಷ್ಟ್ರು ಹತ್ತಿರ ನಿಂತು ಹೇಳಿಕೊಟ್ಟರು. ಗಿಡವನ್ನು ಮೆಲ್ಲಗೆ ಕಿತ್ತು ಮಣ್ಣು ಉದುರಿಸಿದೆವು. ಕಪ್ಪಾಗಿ ಲೊಳಲೊಳ ಆಗಿದ್ದ ಬೇರುಗಳನ್ನು ಮೇಷ್ಟ್ರೇ ಬ್ಲೇಡಿನಿಂದ ಕತ್ತರಿಸಿದರು. ಬೆಳ್ಳಗೆ ಗಟ್ಟಿಯಾಗಿದ್ದ ಬೇರು ಸ್ವಲ್ಪವೇ ಉಳಿಯಿತು. ಬುಡ ಮೆತ್ತಗಾಗಿದ್ದ ಒಂದು ಕೊಂಬೆಯನ್ನೂ ತೆಗೆಯಬೇಕಾಯಿತು. ಆಮೇಲೆ ಗಿಡವನ್ನು ನೆರಳಲ್ಲಿ ಕಾಗದದ ಮೇಲೆ 4 ದಿನ ಒಣಗಲು ಬಿಟ್ಟೆವು. ಕತ್ತರಿಸಿದ ಗಾಯ ಒಣಗದೆ ನೆಟ್ಟರೆ ಮತ್ತೆ ಕೊಳೆಯುತ್ತದೆ. ನಂತರ ಕುಂಡದ ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಮಣ್ಣು ಮರಳು ಬೆರೆಸಿ ತುಂಬಿ, ಗಿಡ ನೆಟ್ಟೆವು. ಒಂದು ವಾರ ಒಂದು ತೊಟ್ಟೂ ನೀರು ಹಾಕಲಿಲ್ಲ. ಮಳೆ ಎರಚಲು ಬೀಳದಂತೆ ಗೋಡೆ ಪಕ್ಕ ಸರಿಸಿದೆವು.

ಉದುರಿದ್ದರಲ್ಲಿ ಗಟ್ಟಿಯಾಗಿದ್ದ ಎಲೆಗಳನ್ನು ಎಸೆಯಲಿಲ್ಲ. ನೆರಳಲ್ಲಿ ಒಣಗಿಸಿ ಮರಳು ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿದೆವು. ಕೆಲವು ವಾರಗಳಲ್ಲಿ 6 ಎಲೆಗಳಲ್ಲಿ 4 ಎಲೆ ಬೇರು ಬಿಟ್ಟವು.

ಹಳದಿಯಾದ ಎಲೆ ಮತ್ತೆ ಹಸಿರಾಗಲಿಲ್ಲ. ಅದು ಆಗುವುದೂ ಇಲ್ಲ. ಗಿಡ ಬದುಕಿತೋ ಇಲ್ಲವೋ ಎಂದು ತುದಿ ನೋಡಿ ತಿಳಿಯಬೇಕು. ಈಗ ಎರಡು ತುದಿಗಳಲ್ಲಿ ಜೋಡಿ ಜೋಡಿ ಎಳೆ ಎಲೆ ಬಂದಿದೆ.

ನೆನಪಿಡಿ

* ವಾರ ನೋಡಿ ನೀರು ಹಾಕಬೇಡಿ, ಕಡ್ಡಿ ನೋಡಿ ಹಾಕಿ.
* ಹಾಕಿದರೆ ತೂತಿನಿಂದ ಬರುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿ.
* ಮಳೆಗಾಲದಲ್ಲಿ, ಚಳಿಗಾಲದಲ್ಲಿ ಇನ್ನೂ ಕಡಿಮೆ.
* ಬಾಟಲಿಯಲ್ಲಿ ಉಳಿದ ನೀರನ್ನು ಬೋರ್‌ವೆಲ್ ಹತ್ತಿರದ ಬಾಳೆಗೆ ಹಾಕಿ. ಅದಕ್ಕೆ ನೀರು ಹೆಚ್ಚು ಬೇಕು.

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಈ ಗಿಡಕ್ಕೆ ಸರಿಯಾಗಿದೆ. ನಮ್ಮ ಗಿಡವನ್ನು ಯಾರೂ ಮರೆತಿರಲಿಲ್ಲ. ಎಲ್ಲರೂ ನೆನಪಿಟ್ಟು ನೀರು ಹಾಕಿದ್ದೇ ಅದಕ್ಕೆ ಮುಳುವಾಯಿತು. ಐದನೇ ತರಗತಿಯ ಆ ತಮ್ಮ ನಿಜವನ್ನೇ ಹೇಳಿದ್ದ. ಅವನಿಗೆ ಎಲ್ಲರೂ ಓದುವ ಈ ಗೋಡೆಯ ಮೇಲೆಯೇ "ತಪ್ಪಾಯ್ತು" ಎಂದು ಹೇಳುತ್ತೇನೆ.

ಹೋದ ಸೋಮವಾರ ಮತ್ತೆ ಅವನ ಸರದಿ ಬಂತು. ಕಡ್ಡಿ ಚುಚ್ಚಿ ತೆಗೆದು, ಬೆರಳಲ್ಲಿ ಮುಟ್ಟಿ ನೋಡಿ, "ಇವತ್ತು ಬೇಡ ಅಕ್ಕಾ" ಅಂದ. ಚೆಂಬನ್ನು ಹಾಗೇ ಒಳಗಿಟ್ಟು ಕ್ಲಾಸಿಗೆ ಹೋದ. ಯಾರೂ ಬೈಯಲಿಲ್ಲ.

ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ