ತಿಗಣೆಯ ಕೋಟೆ

ಪಂಚತಂತ್ರದಲ್ಲಿ ಒಂದು ಕಥೆಯುಂಟು. ಅರಸನೊಬ್ಬನ ಹಾಸಿಗೆಯ ಬಿಳಿಯ ವಸ್ತ್ರದಲ್ಲಿ ಮಂದವಿಸರ್ಪಿಣಿ ಎಂಬ ಹೇನು ಬಹುಕಾಲದಿಂದ ಸುಖವಾಗಿ ವಾಸಿಸುತ್ತಿತ್ತು. ಅರಸನು ಗಾಢನಿದ್ರೆಯಲ್ಲಿ ಮುಳುಗಿದ ಮೇಲೆ ಮೆಲ್ಲನೆ ಅವನ ರಕ್ತವನ್ನು ಹೀರಿ ಮರೆಯಾಗುವುದು ಅದರ ಕ್ರಮ. ಒಂದು ದಿನ ಅಗ್ನಿಮುಖನೆಂಬ ತಿಗಣೆಯು ಅಲ್ಲಿಗೆ ಅತಿಥಿಯಾಗಿ ಬಂದಿತು. ಅರಸನಿಗೆ ನಿದ್ರೆ ಬರುವವರೆಗೆ ತಾಳಬೇಕೆಂದು ಹೇನು ಹೇಳಿದ ಮಾತನ್ನು ಅದು ನಡೆಸಲಿಲ್ಲ. ಅವನು ಮೈಚಾಚಿದೊಡನೆಯೇ ಕಚ್ಚಿತು. ಅರಸನು ಎದ್ದು ಸೇವಕರನ್ನು ಕೂಗಿದನು. ಅವರು ಬಂದು ಹಾಸಿಗೆಯನ್ನು ಹುಡುಕುವಷ್ಟರಲ್ಲಿ ತಿಗಣೆಯು ಮಂಚದ ಸಂದಿನೊಳಗೆ ನುಸುಳಿಯಾಗಿತ್ತು. ಬಟ್ಟೆಯ ಮಡಿಕೆಯಲ್ಲಿದ್ದ ಹೇನು ಸಿಕ್ಕಿಬಿದ್ದು ಪ್ರಾಣ ತೆತ್ತಿತು.

ಶೀಲವನ್ನು ತಿಳಿಯದೆ ಯಾರಿಗೂ ಆಶ್ರಯ ಕೊಡಬಾರದೆಂಬ ನೀತಿಯನ್ನು ಹೇಳಲು ಹೊರಟ ಕಥೆಗಾರನು ನಡುದಾರಿಯಲ್ಲಿ ಪ್ರಾಣಿಶಾಸ್ತ್ರದ ಒಂದು ಪಾಠವನ್ನೂ ಹೇಳಿಬಿಟ್ಟಿದ್ದಾನೆ. ಹೇನು ಮನುಷ್ಯನ ಮೈಯನ್ನೂ ಬಟ್ಟೆಯನ್ನೂ ಬಿಟ್ಟು ದೂರ ಹೋಗದು. ತಿಗಣೆಯಾದರೋ ಮೈಯ ಮೇಲೆ ಮನೆ ಮಾಡದು. ಅದರ ಊಟ ಒಂದು ಕಡೆ, ವಾಸ ಇನ್ನೊಂದು ಕಡೆ. ಕಚ್ಚಿದ ಜಾಗದಲ್ಲಿ ಹುಡುಕುವವನಿಗೆ ಅದು ಎಂದೂ ಸಿಕ್ಕುವುದಿಲ್ಲ. ಇಂದಿಗೂ ತಿಗಣೆಯನ್ನು ಓಡಿಸಲು ಹೊರಟವರಲ್ಲಿ ಬಹುಮಂದಿ ಆ ಸೇವಕರ ಹಾಗೆಯೇ ಹಾಸಿಗೆಯನ್ನು ಕೊಡವುತ್ತಾರೆ; ಸಂದನ್ನು ನೋಡುವುದಿಲ್ಲ.

ಸಂಸ್ಕೃತದಲ್ಲಿ ಮತ್ಕುಣವೆಂದೂ ನಮ್ಮ ನಾಡಿನ ಕೆಲವು ಭಾಗಗಳಲ್ಲಿ ತಗಣಿ ಎಂದೂ ಕರೆಯಲಾಗುವ ಈ ಕೀಟದಲ್ಲಿ ಮನುಷ್ಯನನ್ನು ಪೀಡಿಸುವ ಜಾತಿಗಳು ಮುಖ್ಯವಾಗಿ ಎರಡು. ಸಮಶೀತೋಷ್ಣ ದೇಶಗಳಲ್ಲಿ ಹೆಚ್ಚಾಗಿ ಕಾಣುವುದು ಸೈಮೆಕ್ಸ್ ಲೆಕ್ಟುಲೇರಿಯಸ್. ನಮ್ಮಂತಹ ಉಷ್ಣದೇಶಗಳಲ್ಲಿ ಹೆಚ್ಚಾಗಿರುವುದು ಸೈಮೆಕ್ಸ್ ಹೆಮಿಪ್ಟೆರಸ್. ಮೊದಲನೆಯದಕ್ಕೆ 1758ರಲ್ಲಿ ಹೆಸರಿಟ್ಟ ಲಿನೀಯಸನು ಹಾಸಿಗೆ ಎಂಬ ಅರ್ಥದ ಲ್ಯಾಟಿನ್ ಪದವನ್ನೇ ಅದಕ್ಕೆ ಅಂಟಿಸಿದನು. ಬೆಳೆದ ತಿಗಣೆಯ ಉದ್ದ ಐದಾರು ಮಿಲಿಮೀಟರು, ಬಣ್ಣ ಕೆಂಗಂದು, ಆಕಾರ ಬೇಳೆಯಂತೆ ಚಪ್ಪಟೆ. ರಕ್ತ ಕುಡಿದ ಮೇಲೆ ಉಬ್ಬಿ ಉದ್ದವಾಗಿ ಕಡುಕೆಂಪಾಗುತ್ತದೆ. ಆರು ಕಾಲುಗಳಿವೆ. ರೆಕ್ಕೆಯಿಲ್ಲ; ಒಂದು ಕಾಲದಲ್ಲಿ ಇದ್ದುದರ ಗುರುತಾಗಿ ಬೆನ್ನ ಮೇಲೆ ಎರಡು ಚಿಕ್ಕ ತಗಡುಗಳಂತಹ ಭಾಗಗಳು ಉಳಿದಿವೆ. ಅದು ಹಾರಲಾರದು, ಚಿಗಟದಂತೆ ನೆಗೆಯಲೂ ಆರದು. ಇಷ್ಟು ನಿಸ್ಸಹಾಯಕವಾದ ಪ್ರಾಣಿಯು ಮನುಷ್ಯನನ್ನು ಸಾವಿರಾರು ವರ್ಷಗಳಿಂದ ಬಿಡದೆ ಹಿಂಬಾಲಿಸಿಕೊಂಡು ಬಂದಿದೆ. ಈಜಿಪ್ಟಿನ ಅಮರ್ನಾ ಎಂಬಲ್ಲಿ, ಕೆಲಸಗಾರರು ವಾಸಿಸುತ್ತಿದ್ದ ಪುರಾತನ ಹಳ್ಳಿಯ ಅವಶೇಷಗಳಲ್ಲಿ, ಮೂರು ಸಾವಿರ ವರ್ಷಗಳಿಗೂ ಹಿಂದಿನ ತಿಗಣೆಗಳು ದೊರೆತಿವೆ.

ಹೆಣ್ಣು ತಿಗಣೆಯು ದಿನಕ್ಕೆ ಕೆಲವೇ ಮೊಟ್ಟೆಗಳನ್ನಿಡುತ್ತದೆ. ಆದರೆ ಅದರ ಜೀವಿತಕಾಲದ ಲೆಕ್ಕ ಹಿಡಿದರೆ ಅವು ನೂರಾರು. ಗಸಗಸೆಯ ಕಾಳಿನಷ್ಟು ಗಾತ್ರದ ಬಿಳಿಯ ಮೊಟ್ಟೆಯನ್ನು ಒಂದು ಬಗೆಯ ಅಂಟಿನಿಂದ ಮರಕ್ಕೋ ಬಟ್ಟೆಗೋ ಬಿಗಿಯಾಗಿ ಹತ್ತಿಸಿಬಿಡುವುದರಿಂದ ಎಷ್ಟು ಕೊಡವಿದರೂ ಅದು ಬೀಳದು. ಬೆಚ್ಚನೆಯ ಹವೆಯಲ್ಲಿ ಆರರಿಂದ ಹತ್ತು ದಿನಗಳೊಳಗೆ ಮರಿ ಹೊರಬರುತ್ತದೆ. ಅದು ಐದು ಬಾರಿ ಪೊರೆ ಕಳಚಿ ದೊಡ್ಡದಾಗುತ್ತದೆ. ಪ್ರತಿಬಾರಿ ಕಳಚುವುದಕ್ಕೆ ಮೊದಲು ಒಮ್ಮೆಯಾದರೂ ರಕ್ತ ಕುಡಿಯಲೇಬೇಕು. ಎಲ್ಲ ಅನುಕೂಲಗಳೂ ಇದ್ದರೆ ಐದಾರು ವಾರಗಳಲ್ಲಿ ಮರಿಯು ತಾನೇ ತಾಯಿಯಾಗಲು ಸಿದ್ಧ. ಊಟವಿಲ್ಲದಿದ್ದರೆ ಸಾಯುವುದೆಂದು ಮನೆಗೆ ಬೀಗ ಹಾಕಿ ಊರಿಗೆ ಹೋಗುವವರುಂಟು. ತಂಪಾದ ಹವೆಯಲ್ಲಿ ಅದು ಹಲವು ತಿಂಗಳು ಉಪವಾಸವಿರಬಲ್ಲದು. ಸೆಕೆಯ ನಾಡಿನಲ್ಲಿ ಅಷ್ಟು ಕಾಲವಿರಲಾರದು, ಆದರೂ ಬೇಸಗೆಯ ರಜೆ ಮುಗಿಸಿ ಬರುವವರನ್ನು ಎದುರುಗೊಳ್ಳುವಷ್ಟು ತಾಳ್ಮೆ ಅದಕ್ಕಿದೆ.

ಹಗಲೆಲ್ಲ ಅದು ಎಲ್ಲಿರುತ್ತದೆ? ದಪ್ಪ ರಟ್ಟು ತೂರುವಷ್ಟು ಸಂದು ಸಿಕ್ಕಿದರೆ ಅದಕ್ಕೆ ಸಾಕು. ಬೆನ್ನಿಗೂ ಹೊಟ್ಟೆಗೂ ಆಸರೆ ತಗಲುವಂತಹ ಇಕ್ಕಟ್ಟಿನ ಕತ್ತಲೆಯೇ ಅದಕ್ಕೆ ಪ್ರಿಯ. ಮಂಚದ ಕಾಲೂ ಪಟ್ಟಿಯೂ ಕೂಡುವ ಕೀಲು, ನವಾರದ ಹೆಣಿಗೆ, ಕಬ್ಬಿಣದ ಮಂಚದ ಟೊಳ್ಳು ಕೊಳವೆ, ಹಾಸಿಗೆಯ ಅಂಚಿನ ಹೊಲಿಗೆ, ದಿಂಬಿನ ಮೂಲೆ, ಬೆತ್ತದ ಕುರ್ಚಿಯ ಹೆಣಿಗೆ, ಗೋಡೆಯ ಬಿರುಕು, ಮೊಳೆ ಕಿತ್ತ ತೂತು, ದೇವರ ಪಟದ ಹಿಂಬದಿ, ವಿದ್ಯುತ್ ಸ್ವಿಚ್ಚಿನ ಹಲಗೆ, ಟ್ರಂಕಿನ ಮಡಿಕೆ, ತಲೆದೆಸೆಯಲ್ಲಿಟ್ಟ ಪುಸ್ತಕದ ಬೆನ್ನು, ಇವೆಲ್ಲವೂ ಅದರ ಕೋಟೆಗಳು. ಬಹುಪಾಲು ತಿಗಣೆಗಳು ಮಲಗುವವನಿಂದ ನಾಲ್ಕಾರು ಅಡಿಗಳೊಳಗೆ ಇರುತ್ತವೆ. ಆದುದರಿಂದ ಹುಡುಕಾಟವು ಮಂಚದಿಂದ ಆರಂಭವಾಗಿ ಹೊರಕ್ಕೆ ಸಾಗಬೇಕು. ತಿಗಣೆಯೇ ಕಾಣಬೇಕೆಂದಿಲ್ಲ, ಅದು ಬಿಟ್ಟ ಕುರುಹುಗಳು ಹೆಚ್ಚು ನಂಬಿಕೆಗೆ ಅರ್ಹ. ಮಸಿಯ ಲೇಖನಿಯ ತುದಿಯನ್ನು ಒತ್ತಿದಂತಹ ಕಪ್ಪು ಚುಕ್ಕೆಗಳು ಹೊಲಿಗೆಯುದ್ದಕ್ಕೂ ಕಂಡರೆ ಅವು ಅದರ ಮಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದಾಗಿ ಹರಡುತ್ತವೆ. ಹಾಸುಬಟ್ಟೆಯ ಮೇಲಿನ ತುಕ್ಕಿನ ಬಣ್ಣದ ಕಲೆಗಳು ಹೊರಳಿದಾಗ ಅರೆದುಹೋದ ತಿಗಣೆಯ ರಕ್ತ. ಅಂದರೆ ಮಲಗಿದ್ದವನದೇ ರಕ್ತ. ಕಳಚಿದ ಪೊರೆಗಳು ಜೇನಿನ ಬಣ್ಣದ ಪಾರದರ್ಶಕ ತೊಗಲುಗಳಾಗಿ ಸಂದುಗಳಲ್ಲಿ ಬಿದ್ದಿರುತ್ತವೆ. ತಿಗಣೆ ಹೆಚ್ಚಿದ ಕೋಣೆಗೆ ಒಂದು ಬಗೆಯ ಮುಗ್ಗಲು ವಾಸನೆಯೂ ಇರುತ್ತದೆ.

ಮೈಮೇಲಿನ ಗಂದೆಗಳನ್ನು ಮಾತ್ರ ನಂಬಿ ತೀರ್ಮಾನಿಸುವುದು ಸರಿಯಲ್ಲ. ಸೊಳ್ಳೆ, ಚಿಗಟ, ಕಜ್ಜಿ ಇವು ಕೂಡ ಮೈಯನ್ನು ಕೆರೆಯಿಸುತ್ತವೆ. ತಿಗಣೆಯು ಕಚ್ಚುವಾಗ ನೋವನ್ನು ಅಡಗಿಸುವ ಮತ್ತು ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುವ ಜೊಲ್ಲನ್ನು ಚರ್ಮದೊಳಕ್ಕೆ ಬಿಟ್ಟು, ಐದು ಹತ್ತು ನಿಮಿಷಗಳ ಕಾಲ ಕುಡಿದು ಹೊರಟುಹೋಗುತ್ತದೆ. ತುರಿಕೆ ಏಳುವುದು ಆಮೇಲೆ. ಕೆಲವರಿಗೆ ಏಳುವುದೇ ಇಲ್ಲ. ಒಂದೇ ಮಂಚದಲ್ಲಿ ಮಲಗಿದ ಅಕ್ಕತಂಗಿಯರಲ್ಲಿ ಒಬ್ಬಳ ಮೈ ದದ್ದೆದ್ದು, ಇನ್ನೊಬ್ಬಳ ಮೈ ನುಣ್ಣಗಿದ್ದರೆ ಮೊದಲನೆಯವಳ ದೂರನ್ನು ಸುಳ್ಳೆನ್ನಬಾರದು.

ರಕ್ತ ಕುಡಿಯುವ ಪ್ರಾಣಿಯು ರೋಗವನ್ನೂ ತರುವುದೆಂಬ ಶಂಕೆ ಸಹಜವಾದದ್ದು. ಈ ವಿಷಯದಲ್ಲಿ ತಿಗಣೆಯ ಮೇಲೆ ಒಂದು ದೊಡ್ಡ ಆರೋಪ ಬಂದುದು ನಮ್ಮ ದೇಶದಲ್ಲಿಯೇ. ಕಾಲಾ ಅಜಾರ್ ಎಂಬ ಭೀಕರ ಜ್ವರದ ರೋಗಾಣುವನ್ನು 1903ರಲ್ಲಿ ಲೀಶ್‌ಮನ್ ಇಂಗ್ಲೆಂಡಿನಿಂದಲೂ ಡೊನೊವನ್ ಮದರಾಸಿನಿಂದಲೂ ಪ್ರಕಟಪಡಿಸಿದರು. ಅದು ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುವುದೆಂಬುದು ಮಾತ್ರ ತಿಳಿಯದು. 1907ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸಿಗೆ ಸೇರಿದ ಪ್ಯಾಟನ್ ಎಂಬ ವೈದ್ಯರು, ರೋಗಿಯ ರಕ್ತ ಕುಡಿದ ತಿಗಣೆಯ ಒಡಲಿನಲ್ಲಿ ಆ ರೋಗಾಣು ಬೆಳೆಯುವುದನ್ನು ಕಂಡು ತಿಗಣೆಯನ್ನೇ ಅಪರಾಧಿಯೆಂದು ಬಗೆದರು. ವಾದವು ವರ್ಷಗಟ್ಟಲೆ ನಡೆಯಿತು. ಕಡೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಎಂಬ ಮೂವರು, ರೋಗವನ್ನು ಹರಡುವುದು ಮರಳುನೊಣವೆಂದು ಪ್ರಯೋಗದಿಂದ ಸ್ಥಾಪಿಸಿದರು. ಆ ಪ್ರಯೋಗಕ್ಕೆ ಸ್ವಯಂಸೇವಕರು ತಮ್ಮ ಮೈಯನ್ನೇ ಒಡ್ಡಿದ್ದರು. ಪಂಚತಂತ್ರದಲ್ಲಿ ತಿಗಣೆಯ ತಪ್ಪಿಗೆ ಹೇನು ಸತ್ತಿತು. ಇಲ್ಲಿ ಮರಳುನೊಣದ ತಪ್ಪು ತಿಗಣೆಯ ತಲೆಗೆ ಬಂದಿತ್ತು. ಮನೆಗಳಲ್ಲಿ ತಿಗಣೆಯು ಮನುಷ್ಯರಿಗೆ ರೋಗ ಹರಡುವುದೆಂದು ಇದುವರೆಗೆ ಸಿದ್ಧಪಟ್ಟಿಲ್ಲ. ಆದರೆ ಅದು ನಿದ್ರೆಯನ್ನು ಕಸಿಯುತ್ತದೆ. ಕೆರೆದ ಗಾಯ ಕೀವಾಗುತ್ತದೆ. ವಿಪರೀತ ಹೆಚ್ಚಿದಾಗ ಕೂಸುಗಳಲ್ಲಿಯೂ ವೃದ್ಧರಲ್ಲಿಯೂ ರಕ್ತಹೀನತೆಯುಂಟಾಗುತ್ತದೆ. ರಾತ್ರಿಯೆಲ್ಲ ಹೊರಳಾಡಿದ ವಿದ್ಯಾರ್ಥಿಯು ತರಗತಿಯಲ್ಲಿ ತೂಕಡಿಸಿದರೆ ಸೋಮಾರಿಯೆಂಬ ಬಿರುದು ಅವನದಾಗುತ್ತದೆ.

ಅವನು ನಿಜವನ್ನು ಹೇಳುವುದೂ ಇಲ್ಲ. ತಿಗಣೆಯಿರುವುದು ಕೊಳಕರ ಮನೆಯಲ್ಲಿ ಎಂಬ ಭಾವನೆ ಆಳವಾಗಿ ಬೇರೂರಿರುವುದರಿಂದ, ಹೇಳಿಕೊಳ್ಳಲು ಎಲ್ಲರಿಗೂ ನಾಚಿಕೆ. ವಾಸ್ತವವಾಗಿ ತಿಗಣೆಗೆ ಬೇಕಾದುದು ಕಸವಲ್ಲ, ರಕ್ತ. ಸಾರಿಸಿ ಗುಡಿಸಿದ ಮನೆಗೂ ಅದು ಅತಿಥಿಯ ಪೆಟ್ಟಿಗೆಯಲ್ಲಿ, ಕೊಂಡು ತಂದ ಹಳೆಯ ಮಂಚದಲ್ಲಿ, ರೈಲುಪ್ರಯಾಣದ ಹಾಸಿಗೆ ಸುರುಳಿಯಲ್ಲಿ ಬರುತ್ತದೆ. 1990ರ ದಶಕದ ಕೊನೆಯಿಂದ ಅದು ಸಿರಿವಂತ ದೇಶಗಳ ನಗರಗಳಲ್ಲಿಯೂ ಮತ್ತೆ ತಲೆಯೆತ್ತಿತು. 2023ರಲ್ಲಿ ಪ್ಯಾರಿಸ್ ನಗರವು ತಿಗಣೆಯ ಕಾರಣದಿಂದಲೇ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ವಾರವೂ ತಿಗಣೆಗೆ ಸಿಕ್ಕಿದ ಲಾಭವೇ.

ಇದರ ಪುನರಾಗಮನಕ್ಕೆ ಒಂದು ಮುಖ್ಯ ಕಾರಣವು ವಿಷದ ಮೇಲೆ ಮನುಷ್ಯನಿಟ್ಟ ಅತಿಯಾದ ನಂಬಿಕೆ. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಪಾಲ್ ಮ್ಯುಲ್ಲರ್ 1939ರಲ್ಲಿ ಕಂಡುಹಿಡಿದರು. ಅದಕ್ಕಾಗಿ ನೊಬೆಲ್ ಪಾರಿತೋಷಕ ಬಂದುದು 1948ರಲ್ಲಿ. ಆ ಗೌರವ ಅವರ ಕೈಸೇರುವುದಕ್ಕೆ ಒಂದು ವರ್ಷ ಮೊದಲೇ, ಹವಾಯಿಯ ಪರ್ಲ್ ಹಾರ್ಬರಿನ ಸೈನಿಕ ವಸತಿಗಳಲ್ಲಿ, ಡಿ.ಡಿ.ಟಿ.ಗೆ ಸಾಯದ ತಿಗಣೆಗಳು ಕಾಣಿಸಿಕೊಂಡಿದ್ದವು. ಮಲೇರಿಯದ ವಿರುದ್ಧ ಔಷಧ ಸಿಂಪಡಿಸಿದ ಮೇಲೆ ತಿಗಣೆಗಳು ಕೆರಳಿ ಹೊರಬಂದುದನ್ನು ಕಂಡ ಗೃಹಸ್ಥರು, ಸಿಂಪಡಿಸುವವರಿಗೆ ಮತ್ತೆ ಬಾಗಿಲು ತೆರೆಯದ ಪ್ರಸಂಗಗಳೂ ನಡೆದವು. ಅನಂತರ ಬಂದ ವಿಷಗಳಲ್ಲಿ ಹಲವಕ್ಕೆ ಅದು ಹೀಗೆಯೇ ಒಗ್ಗಿಕೊಂಡಿದೆ.

ತಿಗಣೆಯು ವಿಷಕ್ಕೆ ಒಗ್ಗಿದರೂ ಮನುಷ್ಯನು ಒಗ್ಗಲಾರ. ಧಾನ್ಯದ ಉಗ್ರಾಣಗಳಲ್ಲಿ ತರಬೇತು ಪಡೆದವರು ಮಾತ್ರ ಬಳಸತಕ್ಕ ಅಲ್ಯೂಮಿನಿಯಂ ಫಾಸ್ಫೈಡಿನ ಮಾತ್ರೆಗಳನ್ನು ತಂದು ಮಂಚದ ಕೆಳಗಿಡುವ ದುಸ್ಸಾಹಸವನ್ನು ಕೆಲವರು ಮಾಡುತ್ತಾರೆ. ಗಾಳಿಯ ತೇವ ತಗಲಿದೊಡನೆ ಆ ಮಾತ್ರೆಯಿಂದ ಫಾಸ್ಫೀನ್ ಎಂಬ ಅನಿಲವು ಹೊರಡುತ್ತದೆ. ಅದು ಬಾಗಿಲಿನ ಸಂದಿನಿಂದ ಪಕ್ಕದ ಕೋಣೆಗೆ, ಪಕ್ಕದ ಮನೆಗೆ ಹರಿಯುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಮಲಗಿದ್ದ ಮಕ್ಕಳು ಬೆಳಗಾಗುವುದರೊಳಗೆ ಸತ್ತ ದುರಂತಗಳು ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ನಡೆದಿವೆ. ಹೊಲಕ್ಕೆಂದು ತಂದ ಕೀಟನಾಶಕವನ್ನು ಹಾಸಿಗೆಗೆ ಬಳಿಯುವುದೂ, ಸೀಮೆಎಣ್ಣೆಯನ್ನು ಮಂಚಕ್ಕೆ ಹುಯ್ಯುವುದೂ ಇಂತಹವೇ. ತುರಿಕೆಯನ್ನು ತಪ್ಪಿಸಿಕೊಳ್ಳಲು ಪ್ರಾಣವನ್ನು ಪಣಕ್ಕಿಡುವ ಅಗತ್ಯವಿಲ್ಲ.

ತಿಗಣೆಗೆ ಒಗ್ಗದಿರುವ ಒಂದು ಆಯುಧವಿದೆ, ಅದು ಶಾಖ. ಉಷ್ಣತೆಯು 50 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದರೆ ತಿಗಣೆ, ಮರಿ, ಮೊಟ್ಟೆ ಮೂರೂ ಸ್ವಲ್ಪ ಹೊತ್ತಿನಲ್ಲಿಯೇ ಸಾಯುತ್ತವೆ. ಮಂಚವನ್ನು ಅಂಗಳಕ್ಕೆ ತಂದು ಕುಟ್ಟಿ, ಕೀಲುಗಳಿಗೆ ಕುದಿಯುವ ನೀರನ್ನು ಹುಯ್ಯುತ್ತಿದ್ದ ಹಿಂದಿನ ಗೃಹಿಣಿಯರು ಈ ಅಂಕಿಯನ್ನು ಅರಿಯದಿದ್ದರೂ ಮರ್ಮವನ್ನು ಅರಿತಿದ್ದರು. ಬಿಸಿಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಾಸಿಗೆಯನ್ನು ಸುಮ್ಮನೆ ಬಿಸಿಲಿಗೆ ಹಾಕಿದರೆ ಮೇಲ್ಮೈ ಕಾಯುತ್ತದೆ. ತಿಗಣೆಯು ನೆರಳಿರುವ ಅಡಿಬದಿಗೆ ಸರಿದು ಸುಖವಾಗಿರುತ್ತದೆ. ಬಟ್ಟೆಗಳನ್ನು ಚಿಕ್ಕ ಗಂಟುಗಳಾಗಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿದು, ಆಗಾಗ ಮಗುಚುತ್ತ ನಡುಹಗಲಿನಲ್ಲಿ ಕಾಯಿಸಿದರೆ ಒಳಗಿನವರೆಗೆ ಶಾಖ ಮುಟ್ಟುವ ಸಂಭವವುಂಟು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಇದು ಸಾಧ್ಯ. ಮಡಿಕೇರಿಯ ಮಳೆಗಾಲದಲ್ಲಿ ಸಾಧ್ಯವಿಲ್ಲ. ಅಲ್ಲಿ ಕುದಿನೀರು ಮತ್ತು ಇಸ್ತ್ರಿಪೆಟ್ಟಿಗೆಗಳೇ ಗತಿ. ನೀರು ತಾಗಬಾರದ ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿ, ಶೀತಕಪೆಟ್ಟಿಗೆಯ ಮಂಜುಗಟ್ಟುವ ಭಾಗದಲ್ಲಿ ನಾಲ್ಕೈದು ದಿನ ಇಡಬಹುದು.

ಕೆಲಸಕ್ಕೆ ಕೈಹಾಕುವಾಗ ಮೊದಲು ಹಾಸುಬಟ್ಟೆ ಹೊದಿಕೆಗಳನ್ನು ಆ ಕೋಣೆಯಲ್ಲಿಯೇ ಚೀಲಕ್ಕೆ ತುಂಬಬೇಕು. ಬರಿಗೈಯಲ್ಲಿ ಎತ್ತಿಕೊಂಡು ಮನೆಯೆಲ್ಲ ಸುತ್ತಿದರೆ ತಿಗಣೆಗೆ ಹೊಸ ಕೋಣೆಗಳನ್ನು ತೋರಿಸಿದಂತಾಗುತ್ತದೆ. ಅವುಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಬೇಕು. ಮಂಚವನ್ನು ಕಳಚಿ ಪ್ರತಿಯೊಂದು ಕೀಲಿಗೂ ಕುದಿನೀರು ಹುಯ್ದು, ಹಾಸಿಗೆಯ ಹೊಲಿಗೆಯುದ್ದಕ್ಕೂ ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಮಾಡಬೇಕು. ಗೋಡೆಯ ಬಿರುಕುಗಳನ್ನು ಸುಣ್ಣದ ಗಾರೆಯಿಂದಲೋ ಸಿಮೆಂಟಿನಿಂದಲೋ ಮುಚ್ಚಬೇಕು. ಅನಂತರ ಮಂಚವನ್ನು ಗೋಡೆಗೆ ತಾಗದಂತೆ ಎಳೆದು, ಹೊದಿಕೆ ನೆಲಕ್ಕೆ ಇಳಿಬೀಳದಂತೆ ನೋಡಿಕೊಂಡು, ನಾಲ್ಕು ಕಾಲುಗಳನ್ನೂ ಸಾಬೂನು ಬೆರೆಸಿದ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಬೇಕು. ಕಚ್ಚುವುದೆಂದು ಹೆದರಿ ಬೇರೆ ಕೋಣೆಗೆ ಹೋಗಿ ಮಲಗಬಾರದು. ಹಸಿದ ತಿಗಣೆಯು ಉಸಿರಿನ ಮತ್ತು ಮೈಬಿಸಿಯ ಜಾಡು ಹಿಡಿದು ಅಲೆದಾಡತೊಡಗುತ್ತದೆ. ಹತ್ತು ದಿನಗಳ ಮೇಲೆ ಇದೆಲ್ಲವನ್ನೂ ಇನ್ನೊಮ್ಮೆ ಮಾಡಬೇಕು. ಕಣ್ಣು ತಪ್ಪಿ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ, ಮರಿಗಳು ಮೊಟ್ಟೆಯಿಡುವ ವಯಸ್ಸಿಗೆ ಬಂದಿರುವುದಿಲ್ಲ. ಮೊದಲ ದಿನ ಉತ್ಸಾಹದಿಂದ ದುಡಿದು ಎರಡನೆಯ ಬಾರಿಯನ್ನು ಮರೆತವರೇ ತಿಗಣೆಗೆ ಸಾವಿಲ್ಲವೆಂದು ಹೇಳುವವರು. ಎರಡು ತಿಂಗಳು ಹೊಸ ಕಪ್ಪು ಚುಕ್ಕೆ ಕಾಣದಿದ್ದರೆ ಕೆಲಸ ಮುಗಿದಂತೆ.

ವಿದ್ಯಾರ್ಥಿನಿಲಯಗಳಲ್ಲಿಯೂ ಗೋಡೆ ಹಂಚಿಕೊಂಡ ವಠಾರಗಳಲ್ಲಿಯೂ ಒಬ್ಬರೇ ಮಾಡಿದ ಶ್ರಮ ನಿಲ್ಲದು. ಎಲ್ಲ ಕೋಣೆಗಳವರೂ ಒಂದೇ ದಿನ ಮಂಚಗಳನ್ನು ಅಂಗಳಕ್ಕೆ ತರಬೇಕಾಗುತ್ತದೆ; ಅದಕ್ಕೆ ಮೊದಲು ಯಾರಾದರೊಬ್ಬರು ನಾಚಿಕೆ ಬಿಟ್ಟು ಬಾಯಿ ತೆರೆಯಬೇಕಾಗುತ್ತದೆ. ತೀರ ಕೆಟ್ಟುಹೋದ ಹಾಸಿಗೆಯನ್ನು ಎಸೆಯುವುದೇ ಆದರೆ ಇಡಿಯಾಗಿ ಬೀದಿಯ ಬದಿಯಲ್ಲಿ ಇಡಬಾರದು. ಸಂಜೆಯೊಳಗೆ ಯಾರಾದರೂ ಬಡವರು ಅದನ್ನು ಹೊತ್ತುಕೊಂಡು ಹೋಗಿ ತಮ್ಮ ಮಕ್ಕಳಿಗೆ ಹಾಸಿರುತ್ತಾರೆ. ಅದನ್ನು ಹರಿದು, ಚೀಲದಲ್ಲಿ ಬಿಗಿದು ಕಟ್ಟಿ, ಬಳಸಬಾರದೆಂದು ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ಕಳುಹಿಸಬೇಕು.