ಆಸ್ಪತ್ರೆ ಸಾಲದ ತಪ್ಪು ಬಾಕಿ: ತಕರಾರು ಸಲ್ಲಿಸುವ ಬಗೆ



ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಸದಸ್ಯರೊಬ್ಬರು ಬೆಳೆ ಸಾಲ ನವೀಕರಿಸಲೆಂದು ಬ್ಯಾಂಕಿಗೆ ಹೋದರು. ಮೂರು ಎಕರೆ ಕಾಫಿ, ಒಂದೆಕರೆ ಅಡಿಕೆ. ಇಪ್ಪತ್ತು ವರ್ಷಗಳಲ್ಲಿ ಒಂದು ಕಂತನ್ನೂ ತಪ್ಪಿಸಿದವರಲ್ಲ. ಆದರೂ ಮ್ಯಾನೇಜರು "ನಿಮ್ಮ ಸಿಬಿಲ್ ಸರಿಯಿಲ್ಲ" ಎಂದು ಅರ್ಜಿ ಹಿಂದಿರುಗಿಸಿದರು. ಕಾರಣ, ಎರಡು ವರ್ಷದ ಹಿಂದಿನ ಒಂದು ಸಹಿ. ಅವರ ಪತ್ನಿಯ ಶಸ್ತ್ರಚಿಕಿತ್ಸೆಯಾದಾಗ ವಿಮೆಯ ಹಣ ಮಂಜೂರಾಗುವುದು ತಡವಾಗಿ, ಬಿಲ್ಲಿನ ಕೌಂಟರಿನ ಪಕ್ಕದಲ್ಲೇ ಕುಳಿತಿದ್ದ ಫೈನಾನ್ಸ್ ಕಂಪನಿಯವರು ಕಂತಿನ ಸಾಲಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆಮೇಲೆ ವಿಮೆಯ ಹಣ ಬಂತು. ಆಸ್ಪತ್ರೆಯವರು ಸಾಲದ ಹಣವನ್ನು ಕಂಪನಿಗೆ ವಾಪಸು ಕಟ್ಟಿದರು. ಕಂಪನಿಯ ಲೆಕ್ಕದಲ್ಲಿ ಮಾತ್ರ ಸಾಲ ಹಾಗೆಯೇ ಉಳಿಯಿತು. ವಸೂಲಿ ಏಜೆಂಟರು ಫೋನು ಮಾಡಿದಾಗಲೆಲ್ಲ ಇವರು "ಕಟ್ಟಿ ಆಗಿದೆ" ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಬರವಣಿಗೆಯಲ್ಲಿ ಒಂದು ಸಾಲೂ ಕೊಟ್ಟಿರಲಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಆಸ್ಪತ್ರೆಗೇ ನೇರವಾಗಿ ಉಳಿಸಿಕೊಂಡ ಬಿಲ್ಲಿನ ಬಾಕಿ ಸಿಬಿಲ್‌ಗೆ ಹೋಗುವುದಿಲ್ಲ. ಅಲ್ಲಿಗೆ ಲೆಕ್ಕ ಕಳುಹಿಸುವವರು ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಮುಂತಾದ ಸಾಲ ಕೊಡುವ ಸಂಸ್ಥೆಗಳು. ಆದ್ದರಿಂದ ಆಸ್ಪತ್ರೆಯಲ್ಲಿ ಸಹಿ ಹಾಕುವಾಗ ಆ ಕಾಗದ ಆಸ್ಪತ್ರೆಯದೋ ಸಾಲದ ಕಂಪನಿಯದೋ ಎಂದು ಕೇಳಿ ತಿಳಿಯಿರಿ. ರೋಗಿ ಒಳಗಿರುವಾಗ ಇದನ್ನೆಲ್ಲ ಕೇಳುವ ಮನಸ್ಸಿರುವುದಿಲ್ಲ ಎಂಬುದು ನಮಗೂ ಗೊತ್ತು. ಜೊತೆಗೆ ಹೋದ ಅಣ್ಣನೋ ಅಳಿಯನೋ ಕೇಳಲಿ.

ಸಿಬಿಲ್ ಎಂಬ ಹೆಸರು ರೂಢಿಯಲ್ಲಿದ್ದರೂ ಇಂಥ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ವರದಿಯನ್ನು ನೀವೇ ತರಿಸಿ ನೋಡಿದರೆ ಅಂಕ ಇಳಿಯುವುದಿಲ್ಲ, ಆ ಭಯ ಬೇಡ. ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತಿದ್ದರೆ ಅದೂ ನಿಮ್ಮ ವರದಿಯಲ್ಲಿ ಕಾಣಬಹುದು. ನಮ್ಮ ಕಡೆ ನೆಂಟರಿಗೆ, ನೆರೆಯವರಿಗೆ ಜಾಮೀನು ನಿಲ್ಲದವರು ಕಡಿಮೆ. ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ತಪ್ಪು ಕಂಡುಬಂದರೆ ಸಾಲ ಕೊಟ್ಟ ಕಂಪನಿಗೂ ವರದಿ ಕೊಟ್ಟ ಸಂಸ್ಥೆಗೂ ಲಿಖಿತ ತಕರಾರು ಸಲ್ಲಿಸಿರಿ. ಕಂಪನಿ ಒಪ್ಪದೆ ವರದಿ ಸಂಸ್ಥೆ ತಾನಾಗಿ ತಿದ್ದುವಂತಿಲ್ಲ, ಆದ್ದರಿಂದ ಇಬ್ಬರಿಗೂ ಬರೆಯಬೇಕು. ಸಾಲದ ಖಾತೆ ನಂಬರು, ತಪ್ಪು ಏನು ಎಂಬುದು, ಅಂತಿಮ ಬಿಲ್ಲು, ವಿಮೆ ಕಂಪನಿಯ ಪಾವತಿ ಪತ್ರ, ನಿಮ್ಮ ಪಾಸ್‌ಬುಕ್ಕಿನ ಪುಟ, ಇವುಗಳ ನಕಲು ಸಾಕು. ಮೂಲ ಕಾಗದ ಕೈಬಿಡಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿಯನ್ನು ಜೋಪಾನವಾಗಿಡಿ, ಏಕೆಂದರೆ ದಿನದ ಲೆಕ್ಕ ಮುಖ್ಯ. 30 ದಿನಗಳೊಳಗೆ ತಕರಾರು ಇತ್ಯರ್ಥವಾಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆದೇಶಿಸಿದ್ದು, 2024ರ ಏಪ್ರಿಲಿನಿಂದ ಅದು ಜಾರಿಯಲ್ಲಿದೆ. ಆಗಲೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ತಡಮಾಡದೆ ದೂರು ಕೊಡಿ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಚಾರಿಸಲು 14448 ನಂಬರಿಗೆ ಫೋನು ಮಾಡಬಹುದು.

ವಸೂಲಿಗೆ ಬರುವವರ ವಿಷಯ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಬಾಕಿಗಾಗಿ ಫೋನು ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ಊರವರೆದುರು ಮಾನ ಕಳೆಯುವುದು ನಿಷಿದ್ಧ. ಮನೆ ಬಾಗಿಲಿಗೆ ಬಂದರೆ ಗುರುತಿನ ಚೀಟಿ ಮತ್ತು ಅಧಿಕಾರ ಪತ್ರ ಕೇಳಿ. ಏಜೆಂಟನ ನಡತೆಗೆ ಸಾಲ ಕೊಟ್ಟ ಕಂಪನಿಯೇ ಹೊಣೆ. ಪೀಡೆ ತೊಲಗಲಿ ಎಂದು ಅವನ ಕೈಗೆ ಐನೂರೋ ಸಾವಿರವೋ ಕೊಡಬೇಡಿ. ಇಲ್ಲದ ಸಾಲವನ್ನು ಒಪ್ಪಿಕೊಂಡಂತೆ ತೋರುತ್ತದೆ.

"ಅರ್ಧ ಕಟ್ಟಿ, ಸೆಟ್ಲ್ ಮಾಡಿಬಿಡೋಣ" ಎಂಬ ಮಾತಿಗೂ ಅವಸರದಲ್ಲಿ ತಲೆದೂಗಬೇಡಿ. ಹಾಗೆ ಮುಗಿಸಿದ ಸಾಲ ವರದಿಯಲ್ಲಿ 'ಕ್ಲೋಸ್ಡ್' ಎಂದಲ್ಲ, 'ಸೆಟ್ಲ್ಡ್' ಎಂದು ನಮೂದಾಗುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ಕಟ್ಟದ ಸಾಲವೆಂದೇ ಓದುತ್ತಾರೆ. ನಿಜವಾಗಿ ಬಾಕಿ ಇದ್ದು ಕಟ್ಟುವ ಶಕ್ತಿಯೂ ಇದ್ದರೆ ಪೂರ್ತಿ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಬಾಕಿಯೇ ಇಲ್ಲದಿದ್ದರೆ ತಕರಾರೇ ದಾರಿ.

ನಮ್ಮ ಸದಸ್ಯರ ವರದಿ 41ನೆಯ ದಿನ ಸರಿಯಾಯಿತು. ಹೆಚ್ಚಿನ 11 ದಿನಕ್ಕೆ 1,100 ರೂಪಾಯಿ ಕೇಳಿ ಅರ್ಜಿ ಹಾಕಿದ್ದಾರೆ. ಆದರೆ ಅಷ್ಟರಲ್ಲಿ ಗೊಬ್ಬರ ಹಾಕುವ ಹದ ತಪ್ಪಿತ್ತು, ಕೊಯ್ಲಿನ ಆಳುಗಳ ಮುಂಗಡಕ್ಕೆ ಕೈಸಾಲ ಮಾಡಬೇಕಾಯಿತು. ಅವರ ಅನುಮತಿಯಿಂದಲೇ ಇದನ್ನು ಬರೆದಿದ್ದೇವೆ. ಅವರು ಬರೆದ ತಕರಾರು ಅರ್ಜಿಯ ಕನ್ನಡ ನಕಲನ್ನು, ಹೆಸರು ತೆಗೆದು, ಸಂಘದ ಕಚೇರಿಯಲ್ಲಿ ಇಟ್ಟಿದೆ. ಬೇಕಾದವರು ಸಂತೆಗೆ ಬಂದಾಗ ಗುಮಾಸ್ತರಿಂದ ಕೇಳಿ ಪಡೆಯಬಹುದು.